ಮನೆಗೆ ಮುರಕಲ್ಲು, ಯುನಿಟ್ಟಿಗೆ ತಗಡು: ವೈಫೈ ಯಾವುದು?

ಪ್ರಶ್ನೆ: ಬ್ರಹ್ಮಾವರದಲ್ಲಿ ನಮ್ಮದು ಹಳೇ ಮುರಕಲ್ಲಿನ ಮನೆ. ರೂಟರ್ ಚಾವಡಿಯಲ್ಲಿ ಉಂಟು. ಅದರ ವೈಫೈಗೆ ಎರಡು ಬ್ಯಾಂಡ್ (ರೇಡಿಯೋ ತರಂಗದ ಪಟ್ಟಿ), 2.4 ಮತ್ತು 5 ಗಿಗಾಹರ್ಟ್ಸ್. 5 ಹಿಂದಿನ ಕೋಣೆಗೆ ಬರುವುದಿಲ್ಲ, 2.4 ಬರುತ್ತದೆ, ಆದರೆ ನಿಧಾನ. ಬೈಕಂಪಾಡಿಯಲ್ಲಿ ಸಣ್ಣ ಗೇರುಬೀಜದ ಯುನಿಟ್ ಇದೆ. ಅಲ್ಲಿ ಬಾರ್‌ಕೋಡ್ ಸ್ಕ್ಯಾನರ್ ಹಿಡಿದು ನಡೆಯುವಾಗ ವೈಫೈ ಕಟ್ ಆಗುತ್ತದೆ. ಯಾವ ಬ್ಯಾಂಡ್ ಇಡಬೇಕು?

ಉತ್ತರ: ಎರಡೂ ಕಡೆಗೆ ಒಂದೇ ಉತ್ತರ ಇಲ್ಲ ಮಾರಾಯ್ರೇ.

ಮನೆಯಲ್ಲಿ ತೊಂದರೆ ಗೋಡೆಯದ್ದು. ಮುರಕಲ್ಲಿನ ಗೋಡೆ ದಪ್ಪ, ಮಳೆಗಾಲದಲ್ಲಿ ನೀರು ಕುಡಿದು ಇನ್ನೂ ಕಷ್ಟ, 5ರ ಸಿಗ್ನಲ್ ಅಲ್ಲಿ 2.4ಕ್ಕಿಂತ ಬೇಗ ಸೊರಗುತ್ತದೆ. ಹಾಗಾಗಿ ಚಾವಡಿಯ ಟಿವಿ, ಲ್ಯಾಪ್‌ಟಾಪ್ 5ರಲ್ಲಿರಲಿ. ಬಾವಿ ಪಂಪಿನ ಸ್ಮಾರ್ಟ್ ಸ್ವಿಚ್ಚಿನಂಥವು 2.4ರಲ್ಲಿ, ಅವುಗಳಲ್ಲಿ ಹೆಚ್ಚಿನವು 5 ಹಿಡಿಯುವುದೇ ಇಲ್ಲ. ರೂಟರ್ ಸೆಟ್ಟಿಂಗ್‌ನಲ್ಲಿ 2.4ಕ್ಕೆ ಚಾನೆಲ್ (ಬ್ಯಾಂಡಿನೊಳಗಿನ ಒಂದೊಂದು ದಾರಿ) 1, 6, 11 ಈ ಮೂರರಲ್ಲಿ ಒಂದನ್ನು ಆರಿಸಿ, ಚಾನೆಲ್‌ನ ಅಗಲ 20 ಮೆಗಾಹರ್ಟ್ಸ್ ಇಡಿ. 40 ಇಟ್ಟರೆ ಸ್ಪೀಡ್ ಜಾಸ್ತಿ ಅಂತ ಕಾಣುತ್ತದೆ, ಆದರೆ ಪಕ್ಕದ ಮನೆಯವರ ವೈಫೈ ಜೊತೆ ಗುದ್ದಾಟ ಶುರುವಾಗುತ್ತದೆ. ಮೈಕ್ರೋವೇವ್ ಓವನ್ ಕೂಡ ಇದೇ 2.4ರ ಆಸುಪಾಸಿನಲ್ಲಿ ಗಲಾಟೆ ಮಾಡುತ್ತದೆ. ಹಿಂದಿನ ಕೋಣೆಗೂ ಸ್ಪೀಡ್ ಬೇಕೇ ಬೇಕಾ? ರೂಟರ್‌ನಿಂದ ಒಂದು ಕೇಬಲ್ ಎಳೆದು ಅಲ್ಲೇ ಒಂದು ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದದ್ದನ್ನು ವೈಫೈ ಆಗಿ ಹರಡುವ ಪೆಟ್ಟಿಗೆ) ಇಡಿ. ಸುಮ್ನೆ ಎಕ್ಸ್‌ಟೆಂಡರ್ (ಕೇಬಲ್ ಇಲ್ಲದೆ ವೈಫೈ ಹಿಡಿದು ಮುಂದೆ ಕಳಿಸುವ ಪೆಟ್ಟಿಗೆ) ತರಬೇಡಿ, ಅದೂ ಅದೇ ಗೋಡೆ ದಾಟಬೇಕು ಅಲ್ವಾ?

ಯುನಿಟ್ಟಿನ ಕತೆ ಬೇರೆ. ಅಲ್ಲಿ ತಗಡಿನ ಶೀಟು, ಕಬ್ಬಿಣದ ರ‍್ಯಾಕು, ಡ್ರೈಯರ್ರು. ಲೋಹ ಸಿಗ್ನಲ್ ಅನ್ನು ವಾಪಸ್ ಎಸೆಯುತ್ತದೆ, ಅದಕ್ಕೇ ಒಂದು ಹೆಜ್ಜೆ ಆಚೆ ಫುಲ್ ಇದ್ದದ್ದು ಈಚೆ ಬಂದರೆ ಮಾಯ. ಇದಕ್ಕೆ ಒಂದು ದೊಡ್ಡ ರೂಟರ್ ಮದ್ದಲ್ಲ. ಕಡಿಮೆ ಪವರ್‌ನಲ್ಲಿ ಎರಡು ಮೂರು ಆಕ್ಸೆಸ್ ಪಾಯಿಂಟ್ ಹಾಕಿ, 5 ಗಿಗಾಹರ್ಟ್ಸ್‌ನಲ್ಲಿ, ಇಲ್ಲೂ ಅಗಲ 20 ಸಾಕು. ಸ್ಕ್ಯಾನರ್ ಕಳಿಸುವುದು ನಾಲ್ಕು ಅಂಕಿ, ಸಿನಿಮಾ ಅಲ್ಲ. ಚಾನೆಲ್ 36ರಿಂದ 48, ಇಲ್ಲವೇ 149ರಿಂದ 165ರೊಳಗೆ ಇರಲಿ. ನಡುವಿನವು ರೇಡಾರ್ ಜೊತೆ ಹಂಚಿಕೊಂಡ ಜಾಗ, ರೇಡಾರ್ ಕಂಡರೆ ಆಕ್ಸೆಸ್ ಪಾಯಿಂಟ್ ಆ ಚಾನೆಲ್ ಬಿಟ್ಟು ಓಡಲೇಬೇಕು, ಆಗ ಸ್ಕ್ಯಾನರ್ ಕೈಕೊಡುತ್ತದೆ. ಆದರೆ ನಿಮ್ಮ ಸ್ಕ್ಯಾನರ್ 5 ಹಿಡಿಯುತ್ತದಾ ಅಂತ ಮೊದಲು ನೋಡಿ, ಹಳೇ ಮಾಡೆಲ್‌ಗಳಲ್ಲಿ ಕೆಲವು ಬರೀ 2.4ರವು.

ತೂಕದ ಯಂತ್ರ, ಆಫೀಸಿನ ಕಂಪ್ಯೂಟರ್ ಇದ್ದಲ್ಲೇ ಇರುವಂಥವು. ಅವಕ್ಕೆ ವೈಫೈ ಯಾಕೆ, ಕೇಬಲ್ ಹಾಕಿ. ಮುಂದೆ ಗೋದಾಮಿನ ತೇವ ನೋಡುವ ಸೆನ್ಸರ್ ಬೇಕೆನಿಸಿದರೆ 865 ಮೆಗಾಹರ್ಟ್ಸ್‌ನ ಲೋರಾ (LoRa) ಎಂಬ ರೇಡಿಯೋ ಇರುವಂಥದ್ದು ಕೇಳಿ. ವೈಫೈ ಅಲ್ಲ ಅದು, ನಿಧಾನ, ಆದರೆ ದೂರ ಹೋಗುತ್ತದೆ, ಬ್ಯಾಟರಿಯೂ ತುಂಬಾ ದಿನ ಬರುತ್ತದೆ.