ಬಿಳಿ ದ್ರಾಕ್ಷಿಯ ವೈರಸ್ ಪತ್ತೆಗೆ ಕೆಂಪು ಕಡ್ಡಿ ಕಸಿ ಕಟ್ಟಿದರೆ ಸಾಕಾ?

ಅಥಣಿ ಕಡೆ ನಿಮ್ಮದು ಒಂದು ಎಕರೆ ಶೆನಿನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿ ಇದೆ, ಎರಡು ವರ್ಷದಿಂದ ಕಾಯಿಗೆ ಸಕ್ಕರೆ ಏರುತ್ತಿಲ್ಲ, ಎಲೆಯ ಅಂಚು ಕೆಳಕ್ಕೆ ಮಡಚುತ್ತಿದೆ ಎಂದಿದ್ದೀರಿ. ಕೆಂಪು ತಳಿಯ ಕಡ್ಡಿ ಕಸಿ ಕಟ್ಟಿ ನೋಡಿದರೆ ವೈರಸ್ ಗೊತ್ತಾಗುತ್ತಾ ಅಂತ ಕೇಳಿದ್ದೀರಿ.

ಗೊತ್ತಾಗುತ್ತದೆ. ತಿಕೋಟಾ ಹತ್ತಿರ ನಮ್ಮ ಪಡದಲ್ಲಿ, ಅಂದರೆ ದ್ರಾಕ್ಷಿ ತೋಟದಲ್ಲಿ, ನಾನೇ ಮಾಡಿ ನೋಡಿದ್ದೇನೆ. ಮೊದಲ ಸಲ ಮುಗ್ಗರಿಸಿದ್ದೂ ಇದೆ.

ನಿಮ್ಮ ಬಳ್ಳಿಯ ಲಕ್ಷಣ ಲೀಫ್‌ರೋಲ್ ಎಂಬ, ಎಲೆ ಸುತ್ತಿಕೊಳ್ಳುವ ವೈರಸ್ ರೋಗದ ಹಾಗಿದೆ. ಕೆಂಪು ತಳಿಗೆ ಇದು ಬಂದರೆ ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ: ಎಲೆ ಕೆಂಪಾಗುತ್ತದೆ, ನರ ಮಾತ್ರ ಹಸಿರಾಗೇ ಉಳಿಯುತ್ತದೆ. ಬಿಳಿ ತಳಿಯಲ್ಲಿ ಆ ಕೆಂಪು ಬಣ್ಣವೇ ಇಲ್ಲ. ಸ್ವಲ್ಪ ಹಳದಿ, ಸ್ವಲ್ಪ ಮಡಿಕೆ, ಅಷ್ಟೇ. ಅದಕ್ಕೇ ಕೆಂಪು ತಳಿಯ ಕಡ್ಡಿಯನ್ನು ಸಾಕ್ಷಿಗೆ ಕರೆಯುವುದು. ಬಳ್ಳಿಯ ರಸದ ಜೊತೆ ವೈರಸ್ ಆ ಕಡ್ಡಿಗೆ ಹೋಗುತ್ತದೆ, ಅದರ ಎಲೆ ಬಾಯಿ ಬಿಡುತ್ತದೆ. ಬೇರೆ ದೇಶಗಳಲ್ಲಿ ಇದಕ್ಕೆ ಕ್ಯಾಬರ್ನೆ ಫ್ರಾಂಕ್ ಜಾಸ್ತಿ ಬಳಸುತ್ತಾರೆ. ನನಗೆ ಸಿಕ್ಕಿದ್ದು ಕ್ಯಾಬರ್ನೆ ಸೊವಿನ್ಯೋಂ, ಅದೂ ಆಗುತ್ತದೆ.

ಡಾಗ್ರಿಡ್ಜ್ (ಕಸಿಗೆ ಬೇರು ಕೊಡುವ ಬುಡದ ತಳಿ) ಮೇಲೆ ಕಸಿ ಕಟ್ಟುವ ಹೊತ್ತಿನಲ್ಲೇ, ಅಂದರೆ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಕಟ್ಟಿಸಿದೆ. ಅನುಮಾನದ ಬಳ್ಳಿಯ ಒಂದು ಕಡ್ಡಿ ಕತ್ತರಿಸಿ, ಸೀಳಿ, ಎರಡು ಕಣ್ಣಿನ ಕೆಂಪು ತುಂಡು ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುವುದು. ಬಳ್ಳಿಯ ಉಳಿದ ಕಡ್ಡಿಗಳು ಹಾಗೇ ಇರಲಿ. ಕಸಿ ಕಟ್ಟುವ ಕಾಕಾ ನಕ್ಕರು: "ಬಿಳಿ ಬಳ್ಳಿಗೆ ಕೆಂಪ ಕಡ್ಡಿ? ತಲಿ ಕೆಟ್ಟೈತೇನ ತಮ್ಮಾ?" ಕಟ್ಟಿದ ಜಾಗಕ್ಕೆ ಹಳೆ ಸೀರೆಯ ಚಿಂದಿ ಕಟ್ಟಿಡಿ. ಅಕ್ಟೋಬರ್ ಚಾಟ್ನಿಯಲ್ಲಿ, ಅಂದರೆ ಬಳ್ಳಿ ಸವರುವಾಗ, ನನ್ನ ಒಂದು ಕಸಿ ಕತ್ತರಿಗೆ ಹೋಯಿತು. ಆಳುಗಳ ತಪ್ಪಲ್ಲ, ಗುರುತು ಹಾಕದಿದ್ದವನು ನಾನು.

ಕಾಯಿ ಹಣ್ಣಾಗುವಾಗ ಕೆಂಪು ಕಸಿಯ ಎಲೆ ನೋಡಿ, ಬುಡದ ಹಳೆ ಎಲೆಗಳಲ್ಲಿ ಮೊದಲು. ಎಲೆ ಕೈಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ. ನರದ ನಡುವಿನ ಜಾಗ ಕೆಂಪು, ನರ ಹಸಿರು, ಅಂಚು ಕೆಳಕ್ಕೆ ಸುತ್ತಿಕೊಂಡಿದ್ದರೆ ಅನುಮಾನ ಗಟ್ಟಿಯಾಯಿತು. ನರವೂ ಸೇರಿ ಇಡೀ ಎಲೆ ಕೆಂಪಾದರೆ ಕಸಿ ಕೂಡಿದ ಜಾಗ ಪರೀಕ್ಷಿಸಿ. ಸರಿಯಾಗಿ ಕೂಡದಿದ್ದರೆ ಸಕ್ಕರೆ ಕೆಳಗಿಳಿಯದೆ ಎಲೆ ಸುಮ್ನೆ ಕೆಂಪಾಗುತ್ತದೆ. ಪೊಟ್ಯಾಶ್, ಮೆಗ್ನೀಷಿಯಂ ಕೊರತೆಯೂ ಹೀಗೇ ಮೋಸ ಮಾಡುತ್ತದೆ. ಮೊದಲ ವರ್ಷ ಏನೂ ಕಾಣದಿದ್ದರೆ ರೋಗ ಇಲ್ಲ ಅಂದುಕೊಳ್ಳಬೇಡಿ, ಇನ್ನೊಂದು ವರ್ಷ ಕಾಯಿರಿ.

ಇನ್ನು ನಾನು ಮುಗ್ಗರಿಸಿದ್ದು. ಕಡ್ಡಿಯನ್ನು ಪರಿಚಯದವರ ಪಡದಿಂದ ತಂದಿದ್ದೆ. ಕಟ್ಟಿದ್ದು ಆರು ಬಳ್ಳಿಗೆ, ಉಳಿದ ಐದೂ ಕೆಂಪಾದವು. ಐದಕ್ಕೆ ಐದು! ಅನುಮಾನ ಬಂದು ಆ ಪಡಕ್ಕೆ ಹೋದೆ. ತಾಯಿ ಬಳ್ಳಿಯೇ ಬುಡದಲ್ಲಿ ಕೆಂಪು. "ಬಿಸಿಲಿಗೆ ಹಂಗ ಆಗತೈತಿ" ಅಂದರು. ಸಾಕ್ಷಿಯೇ ರೋಗಿ! ನನ್ನ ಬಳ್ಳಿಗೆ ಮೊದಲೇ ಇತ್ತೋ, ನಾನೇ ತಂದು ಹಚ್ಚಿದೆನೋ ತಿಳಿಯಲೇ ಇಲ್ಲ. ಆರನ್ನೂ ಕಿತ್ತು ಹಾಕಿದೆ. ಮುಂದಿನ ಸಲ ಕಸಿಗೆ ತಂದ ಹೊಸ ಕಡ್ಡಿ ಕಟ್ಟಿನದೇ ಎರಡು ತುಂಡನ್ನು ದೂರದ ಕುಂಡದಲ್ಲಿ ಬೇರು ಬರಿಸಿ ಬೆಳೆಸಿದೆ. ಅವು ಹಸಿರಾಗಿದ್ದರೆ ಮಾತ್ರ ಪಡದ ಕೆಂಪಿಗೆ ಬೆಲೆ, ಅಲ್ವಾ?

ಒಂದು ಹಂಗಾಮು ಕಾಯಲು ಆಗದಿದ್ದರೆ ಪಿಸಿಆರ್ ಪರೀಕ್ಷೆ (ಎಲೆಯಲ್ಲಿ ವೈರಸ್ ಇದೆಯಾ ಅಂತ ಪ್ರಯೋಗಾಲಯದಲ್ಲಿ ನೋಡುವುದು) ಮಾಡಿಸಿ. ಪುಣೆ ಹತ್ತಿರ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಮಾದರಿಗೆ ತುದಿಯ ಎಳೆ ಎಲೆ ಬೇಡ, ಬುಡದ ಬಲಿತ ಎಲೆಯ ತೊಟ್ಟು ಕೊಡಿ.

ಇದಕ್ಕೆ ಔಷಧಿ ಇಲ್ಲ. ಅಂಗಡಿಯವರು ಏನೇ ಹೇಳಲಿ, ದುಡ್ಡು ಸುರಿಯಬೇಡಿ. ಚಾಟ್ನಿ ಕತ್ತರಿಯಿಂದ ಹರಡುತ್ತದೆಂಬ ಭಯವೂ ಬೇಡ. ಹರಡುವುದು ಕಸಿ ಕಡ್ಡಿಯಿಂದ ಮತ್ತು ಹಿಟ್ಟು ತಿಗಣೆಯಿಂದ. ಫಲಿತಾಂಶ ಬರುವವರೆಗೆ ಆ ಎಕರೆಯಿಂದ ಯಾರಿಗೂ ಕಡ್ಡಿ ಕೊಡಬೇಡಿ. ನಾಳೆ ಬೆಳಿಗ್ಗೆ ನಾಲ್ಕು ಬಳ್ಳಿಯ ಒಣ ತೊಗಟೆ ಸುಲಿದು, ಕೆಳಗೆ ಬಿಳಿ ಹಿಟ್ಟಿನಂತಹ ಹುಳು ಇದೆಯಾ ನೋಡಿ ಇಲ್ಲೇ ಬರೆಯಿರಿ.