ಆರ್ಚ್‌ಬಿಷಪ್ ಮೆನೆಜಿಸ್ ಮತ್ತು ಗವರ್ನರ್ ಗಾದಿ
(ಸಂಪಾದಕರ ಉತ್ತರ)

ಮಾನ್ಯರೇ,

ಹಳೇ ಗೋವಾ ಕುರಿತ ನಮ್ಮ ಲೇಖನದಲ್ಲಿ ಅಲೇಶೊ ದೆ ಮೆನೆಜಿಸ್ ಅವರನ್ನು ‘ಆರ್ಚ್‌ಬಿಷಪ್ ಹಾಗೂ ಗವರ್ನರ್’ ಎಂದು ಕರೆದುದನ್ನು ಓದಿ, ಧರ್ಮಗುರುವಿನ ಕೈಗೆ ರಾಜ್ಯಭಾರ ಹೇಗೆ ಬಂತು, ಕೊಚ್ಚಿ ಬಳಿಯ ಉದಯಂಪೇರೂರಿನಲ್ಲಿ ಮಲಬಾರಿನ ಸಿರಿಯನ್ ಕ್ರೈಸ್ತರಿಗಾಗಿ ಕರೆದ ಧರ್ಮಸಭೆಯನ್ನು ಅವರು ನಡೆಸಿದ್ದು ಆ ಗವರ್ನರ್ ಗಿರಿಯ ಬಲದಿಂದಲೇ ಅಲ್ಲವೇ ಎಂದು ತಾವು ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಉತ್ತರ ಸರಳ: ಅಲ್ಲ. ಸಭೆ ನಡೆದದ್ದು 1599ರ ಜೂನ್‌ನಲ್ಲಿ. ಆಗ ಗೋವಾದಲ್ಲಿ ದೊರೆಯ ಪರವಾಗಿ ರಾಜ್ಯಭಾರ ನಡೆಸುತ್ತಿದ್ದ ವೈಸ್‌ರಾಯ್ ಬೇರೊಬ್ಬರು.

ಆದರೆ ಆ ಉತ್ತರವನ್ನು ಅಲ್ಲಿಗೇ ಬಿಟ್ಟರೆ ದಾರಿ ತಪ್ಪಿಸಿದಂತಾಗುತ್ತದೆ. ಪೋಪರು ಬಹಳ ಹಿಂದೆಯೇ ಕೊಟ್ಟಿದ್ದ ಹಕ್ಕಿನಂತೆ ಪೂರ್ವದೇಶಗಳ ಬಿಷಪರನ್ನು ಸೂಚಿಸುವವನು ಪೋರ್ಚುಗಲ್‌ನ ದೊರೆ, ಚರ್ಚಿನ ಖರ್ಚು ನೋಡಿಕೊಳ್ಳುವುದೂ ಅವನ ಖಜಾನೆ. ಹಾಗಾಗಿ 1595ರಲ್ಲಿ ಗೋವಾಕ್ಕೆ ಬಂದಿಳಿದ ಈ ಅಗಸ್ಟೀನಿಯನ್ ಸನ್ಯಾಸಿ ಗವರ್ನರ್ ಆಗುವ ಮೊದಲೇ ಅರಮನೆಯ ಮನುಷ್ಯ.

ಮಲಬಾರಿನಲ್ಲಿ ಅದು ಎದ್ದು ಕಾಣುತ್ತದೆ. ಅಂಗಮಾಲಿಯ ಬಿಷಪ್ ಮಾರ್ ಅಬ್ರಹಾಂ 1597ರಲ್ಲಿ ತೀರಿಕೊಂಡ ಮೇಲೆ, ಸಿರಿಯನ್ ಪರಂಪರೆಯ (ಸಿರಿಯಾಕ್ ಭಾಷೆಯಲ್ಲಿ ಪೂಜೆ ನಡೆಸುತ್ತಿದ್ದ) ಕ್ರೈಸ್ತರು ತಮ್ಮ ಮುಂದಾಳು ಆರ್ಚ್‌ಡೀಕನ್ ಗೀವರ್ಗೀಸರ ಹಿಂದೆ ನಿಂತರು. ಮೆನೆಜಿಸ್ ಸ್ವತಃ ಕೊಚ್ಚಿಗೆ ಹೋಗಿ, ಊರೂರು ಸುತ್ತಿ, ಹಲವರಿಗೆ ತಾವೇ ಪಾದ್ರಿ ದೀಕ್ಷೆ ಕೊಟ್ಟು, ಆಮೇಲೆ ಆ ಕ್ರೈಸ್ತರನ್ನು ರೋಮಿನ ಪದ್ಧತಿಗೆ ತರಲು ಸಭೆ ಕರೆದರು. ಸಭೆಯಲ್ಲಿ ತಮ್ಮ ಪರವಾಗಿರಬೇಕಾದವರನ್ನು ಸಭೆಗೆ ಮೊದಲೇ ಸಿದ್ಧಮಾಡಿಟ್ಟುಕೊಂಡ ಈ ಲೆಕ್ಕಾಚಾರಕ್ಕೆ ಯಾವ ದಿವಾನನೂ ತಲೆದೂಗಬೇಕು. ಕೊಚ್ಚಿಯ ಕೋಟೆ, ಪೋರ್ಚುಗೀಸರ ಮೆಣಸಿನ ವ್ಯಾಪಾರ, ಅಲ್ಲಿಯ ರಾಜನ ಜೊತೆಗಿನ ನಂಟು, ಇವೆಲ್ಲ ಅವರ ಬೆನ್ನಿಗಿದ್ದವು. ಮದುವೆಯಾಗಿದ್ದ ಪಾದ್ರಿಗಳು ಹೆಂಡತಿಯರನ್ನು ಬಿಡಬೇಕೆಂದು ಆಜ್ಞೆಯಾಯಿತು; ಸಿರಿಯಾಕ್ ಗ್ರಂಥಗಳಲ್ಲಿ ಕೆಲವನ್ನು ತಿದ್ದಲು, ಕೆಲವನ್ನು ಸುಡಲು ಹೇಳಲಾಯಿತು. ಅದೇ ಸಭೆ, ಕಾದ ಕಬ್ಬಿಣ ಹಿಡಿಸಿ, ಕುದಿಯುವ ಎಣ್ಣೆಯಲ್ಲಿ ಕೈ ಅದ್ದಿಸಿ ಸತ್ಯ ಪರೀಕ್ಷಿಸುವ ಪದ್ಧತಿಯನ್ನೂ ನಿಷೇಧಿಸಿತೆಂಬುದನ್ನು ಅವರನ್ನು ಬರೀ ಖಳನಾಯಕನಾಗಿ ಚಿತ್ರಿಸುವವರು ಮರೆಯುತ್ತಾರೆ. ಆದರೂ ಸುಟ್ಟುಹೋದ ಪುಸ್ತಕಗಳಿಗೆ ಈ ಸುಧಾರಣೆ ಪರಿಹಾರವಾಗಲಾರದು ಎಂಬುದು ನನ್ನ ಅಭಿಪ್ರಾಯ.

ಇನ್ನು ಗವರ್ನರ್ ಗಾದಿಯ ವಿಷಯ. ಪೋರ್ಚುಗೀಸರ ವಶದಲ್ಲಿದ್ದ ಮಲಕ್ಕಾಕ್ಕೆ (ಇಂದಿನ ಮಲೇಷ್ಯಾದಲ್ಲಿದೆ) ಡಚ್ಚರು 1606ರಲ್ಲಿ ಮುತ್ತಿಗೆ ಹಾಕಿದಾಗ ವೈಸ್‌ರಾಯ್ ಮಾರ್ಟಿಮ್ ಅಫೊನ್ಸೊ ದೆ ಕಾಸ್ಟ್ರೊ ನೌಕಾಪಡೆಯೊಂದಿಗೆ ಹೊರಟರು. ಮರುವರ್ಷ ಅಲ್ಲೇ ತೀರಿಕೊಂಡರು. ರಾಜ್ಯಭಾರ ಆರ್ಚ್‌ಬಿಷಪರ ಪಾಲಿಗೆ ಬಂತು, 1609ರವರೆಗೆ ಉಳಿಯಿತು. ಆ ಅವಧಿಯಲ್ಲಿ ಅವರಿಗೆ ದಕ್ಕಿದ್ದು ಆತಂಕವೇ ಹೆಚ್ಚು: ಡಚ್ಚರು 1607ರಲ್ಲೂ 1608ರಲ್ಲೂ ಮೊಜಾಂಬಿಕ್ ಕೋಟೆಯನ್ನು ಮುತ್ತಿದರು, ಕೋಟೆ ಬೀಳಲಿಲ್ಲವಾದರೂ ಲಿಸ್ಬನ್ನಿನಿಂದ ಗೋವಾಕ್ಕೆ ಬರುವ ಹಡಗುದಾರಿ ಭದ್ರವಾಗಿ ಉಳಿಯಲಿಲ್ಲ. ಮಲಬಾರಿನ ಹಳ್ಳಿಗಳಲ್ಲಿ ನಡೆದ ಮಾತು ಸಮುದ್ರದಲ್ಲಿ ನಡೆಯಲಿಲ್ಲ. ಹಳೇ ಗೋವಾದಲ್ಲಿ ಇಂದಿಗೂ ನಿಂತಿರುವ ಸಾಂತಾ ಮೋನಿಕಾ ಕನ್ಯಾಮಠಕ್ಕೆ 1606ರಲ್ಲಿ ಅಡಿಪಾಯ ಹಾಕಿಸಿದವರೂ ಅವರೇ.

ಮುಂದೆ ಬ್ರಾಗಾದ ಆರ್ಚ್‌ಬಿಷಪರಾಗಿ, ಆಗ ಪೋರ್ಚುಗಲ್ಲನ್ನೂ ಆಳುತ್ತಿದ್ದ ಸ್ಪೇನಿನ ದೊರೆಯ ಪರವಾಗಿ ಅಲ್ಲಿಯ ವೈಸ್‌ರಾಯ್ ಕೂಡ ಆಗಿ, 1617ರಲ್ಲಿ ಮ್ಯಾಡ್ರಿಡ್‌ನಲ್ಲಿ ಕಾಲವಾದರು. ಉದಯಂಪೇರೂರಿನಲ್ಲಿ ಅವರು ಕಟ್ಟಿದ ವ್ಯವಸ್ಥೆಯ ವಿರುದ್ಧ ಮಲಬಾರಿನ ಸಿರಿಯನ್ ಕ್ರೈಸ್ತರು ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಬಹಿರಂಗವಾಗಿ ಪ್ರತಿಜ್ಞೆ ಮಾಡಿದ್ದು 1653ರಲ್ಲಿ.

– ಸಂಪಾದಕ