ಅವರೆಗೆ ಬಿದ್ದ ಹೇನು: ಸಿಂಪಡಿಸುವ ಮೊದಲು ಎಲೆ ಮಗುಚಿ ನೋಡಿ

ಅವರೆ ಹೂ ಬಿಡುವ ಕಾಲ ಬಂತೆಂದರೆ ಕೈತೋಟದವರಿಂದ ನನಗೆ ಬರುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಆಗಿರುತ್ತವೆ. ಬೇರೆ ಬೇರೆ ಊರುಗಳಿಂದ ಬಂದರೂ ಅವೆಲ್ಲ ಕೊನೆಗೊಳ್ಳುವುದು ‘ಯಾವ ಔಷಧಿ ಹೊಡೆಯಬೇಕು?’ ಎಂಬಲ್ಲಿಗೇ. ಈ ಸಲ ಒಂದು ಪ್ರಶ್ನೆಗೆ ವಿವರವಾಗಿ ಉತ್ತರಿಸಿ, ಉಳಿದವುಗಳನ್ನು ಬೇಗನೆ ಮುಗಿಸುತ್ತೇನೆ.

ಪ್ರಶ್ನೆ: ತಾರಸಿಯಲ್ಲಿ ಚೀಲಗಳಲ್ಲಿ ಅವರೆ ಬೆಳೆದಿದ್ದೇವೆ. ಕುಡಿಗೂ ಹೂಗೊಂಚಲಿಗೂ ಕಪ್ಪು ಹೇನು ಮೆತ್ತಿಕೊಂಡಿದೆ. ಬೇವಿನೆಣ್ಣೆಯನ್ನು ಮೂರು ಸಲ ಸಿಂಪಡಿಸಿದರೂ ವಾರದೊಳಗೆ ಮತ್ತೆ ಬರುತ್ತಿದೆ. ಈಗ ಎಲೆಯ ಮೇಲೆ ಬಿಳಿ ಹುಳುಗಳೂ ಬೂದು ಬಣ್ಣದ ಮುಳ್ಳುಮುಳ್ಳಾದ ಹುಳುಗಳೂ ಕಾಣುತ್ತಿವೆ. ಇನ್ನೂ ಬಲವಾದ ಔಷಧಿ ಯಾವುದು?

ಉತ್ತರ: ಮೊದಲು ನಿಮ್ಮ ಹೊಸ ಶತ್ರುಗಳ ವಿಚಾರ. ಬಿಳಿ ಹುಳುಗಳೆಂದು ನೀವು ಬರೆದಿರುವವು ಹುಳುಗಳೇ ಅಲ್ಲದಿರುವ ಸಾಧ್ಯತೆ ಹೆಚ್ಚು. ಹೇನಿನ ಮರಿ ದೊಡ್ಡದಾಗುವ ಮುನ್ನ ನಾಲ್ಕು ಸಲ ಪೊರೆ ಕಳಚುತ್ತದೆ, ಆ ಪೊರೆಗಳು ಅಂಟಿನ ಮೇಲೆ ಕುಳಿತು ಬಿಳಿಯಾಗಿ ಕಾಣುತ್ತವೆ. ಕಡ್ಡಿಯ ತುದಿಯಿಂದ ಮುಟ್ಟಿ ನೋಡಿ, ಕಾಲಾಡಿಸದಿದ್ದರೆ ಪೊರೆ. ಇನ್ನು ಮುಳ್ಳುಮುಳ್ಳಾದ, ಮೈಮೇಲೆ ಹಳದಿ ಅಥವಾ ಕಿತ್ತಳೆ ಮಚ್ಚೆಯಿರುವ, ಮೊಸಳೆಯ ಮರಿಯಂತೆ ಉದ್ದಕ್ಕೆ ಓಡಾಡುವ ಬೂದು ಹುಳು ಗುಲಗಂಜಿ ಹುಳುವಿನ ಮರಿ. ಅದು ಬೆಳೆಯುವಷ್ಟರಲ್ಲಿ ನೂರಾರು ಹೇನುಗಳನ್ನು ತಿಂದು ಮುಗಿಸುತ್ತದೆ. ಚುಕ್ಕೆಯ ಗುಲಗಂಜಿ ಹುಳುವನ್ನು ಮಕ್ಕಳಿಗೆ ತೋರಿಸಿ ಸಂಭ್ರಮಿಸುವ ಮಂದಿಯೇ ಅದರ ಮರಿಯನ್ನು ಚಿವುಟಿ ಸಾಯಿಸುತ್ತಾರೆ. ಇದನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

ಹೇನು ವಾರದೊಳಗೆ ಮರಳಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಬೆಚ್ಚಗಿನ ಹವೆಯಲ್ಲಿ ಈ ಹೇನಿಗೆ ಗಂಡಿನ ಹಂಗಿಲ್ಲ; ಹೆಣ್ಣು ಮೊಟ್ಟೆಯನ್ನೂ ಇಡದೆ ನೇರವಾಗಿ ಮರಿ ಹಾಕುತ್ತದೆ, ಆ ಮರಿ ಸುಮಾರು ಒಂದು ವಾರದಲ್ಲಿ ತಾನೂ ಮರಿ ಹಾಕಲು ಸಿದ್ಧವಾಗುತ್ತದೆ. ಎಲೆಯಡಿಯಲ್ಲಿ ಹತ್ತು ಹೇನು ಉಳಿದರೆ ಸಾಕು, ಮುಂದಿನ ಭಾನುವಾರಕ್ಕೆ ಕುಡಿ ಮತ್ತೆ ಕಪ್ಪಾಗಿರುತ್ತದೆ. ಬೇವಿನೆಣ್ಣೆ ತಾಗಿದ ಹೇನಿಗಷ್ಟೇ ತಟ್ಟುತ್ತದೆ, ಅದೂ ನಿಧಾನವಾಗಿ. ಎಲೆಯ ಮೇಲ್ಭಾಗವನ್ನು ಮಿರಮಿರ ಮಿಂಚಿಸಿದರೆ ಅಡಿಯಲ್ಲಿ ಕುಳಿತ ಹೇನಿಗೆ ಏನೂ ಆಗುವುದಿಲ್ಲ. ಸಾಬೂನು ಬೆರೆಸದೆ ಎಣ್ಣೆಯನ್ನು ನೀರಿಗೆ ಸುರಿದಿದ್ದರೆ ಮೊದಲು ಸಿಂಪಡಿಸಿದ್ದು ಬರೀ ನೀರು, ಕೊನೆಗೆ ಸಿಂಪಡಿಸಿದ್ದು ಬರೀ ಎಣ್ಣೆ.

ನೀವು ಬರೆಯದೆ ಬಿಟ್ಟ, ಆದರೆ ನಿಮ್ಮ ತಾರಸಿಯಲ್ಲಿ ಖಂಡಿತ ಇರುವ ಇನ್ನೊಂದು ಪ್ರಾಣಿ ಇರುವೆ. ಹೇನು ಗಿಡದ ರಸ ಹೀರಿ, ಹೆಚ್ಚಾದ ಸಕ್ಕರೆಯನ್ನು ಹಿಂದಿನಿಂದ ಹನಿಯಾಗಿ ಹೊರಹಾಕುತ್ತದೆ. ಇರುವೆಗೆ ಅದೇ ಊಟ. ಮೀಸೆಯಿಂದ ಹೇನಿನ ಬೆನ್ನು ತಟ್ಟಿ ಹನಿಯನ್ನು ಇಳಿಸಿಕೊಳ್ಳುವ ಇರುವೆಯನ್ನು ಒಂದು ಸಾಧಾರಣ ಭೂತಗನ್ನಡಿಯಲ್ಲೇ ನೋಡಬಹುದು. ಹಾಲು ಕರೆಯುವವರಂತೆಯೇ ಅದು ತನ್ನ ದನಗಳನ್ನು ಕಾಯುತ್ತದೆ, ಹತ್ತಿರ ಬಂದ ಗುಲಗಂಜಿ ಮರಿಯನ್ನು ಓಡಿಸುತ್ತದೆ. ಆದ್ದರಿಂದ ಇರುವೆಯ ದಾರಿ ಕಡಿಯದೆ ಮಾಡಿದ ಸಿಂಪಡಣೆ ಅರ್ಧ ಕೆಲಸ. ಚೀಲವನ್ನು ಇಟ್ಟಿಗೆಯ ಮೇಲಿಟ್ಟು ಇಟ್ಟಿಗೆಯನ್ನು ನೀರಿನ ತಟ್ಟೆಯಲ್ಲಿಡಿ. ಬಳ್ಳಿ ಗೋಡೆಗಾಗಲಿ ಪಕ್ಕದ ತಂತಿಗಾಗಲಿ ತಾಗಿದ್ದರೆ ಈ ತಟ್ಟೆಯಿಂದ ಪ್ರಯೋಜನವಿಲ್ಲ. ಊರುಗೋಲಿಗೆ ಬಟ್ಟೆ ಸುತ್ತಿ ಗ್ರೀಸ್ ಹಚ್ಚಬಹುದು, ಆದರೆ ಗಿಡದ ಕಾಂಡಕ್ಕೆ ನೇರವಾಗಿ ಹಚ್ಚಬೇಡಿ.

ಈಗ ಮಾಡಬೇಕಾದದ್ದು. ಹೇನು ದಟ್ಟವಾಗಿ ಕವಿದ ಕುಡಿಗಳನ್ನು ಚಿವುಟಿ ಸಾಬೂನು ನೀರಿನ ಬಕೆಟ್ಟಿಗೆ ಹಾಕಿ. ಉಳಿದ ಬಳ್ಳಿಯನ್ನು ಬೆಳಿಗ್ಗೆ ಒಂದು ಕೈಯಲ್ಲಿ ಹಿಡಿದುಕೊಂಡು, ಪೈಪಿನ ನೀರನ್ನು ಎಲೆಯ ಅಡಿಯಿಂದ ರಭಸವಾಗಿ ಬಿಡಿ. ರಸ ಹೀರುತ್ತಿದ್ದ ಹೇನು ಹಾಗೆ ಕಿತ್ತು ಬಿದ್ದರೆ ಮತ್ತೆ ಹತ್ತಿ ಬರುವುದು ಅಪರೂಪ. ಒಂದು ದಿನ ಬಿಟ್ಟು ಒಂದು ದಿನ, ಒಟ್ಟು ಮೂರು ಸಲ ಹೀಗೆ ಮಾಡಿ. ಆಮೇಲೆ ಎಲೆ ಮಗುಚಿ ನೋಡಿ: ಗುಲಗಂಜಿ ಮರಿಗಳಿದ್ದರೆ, ಅಥವಾ ಊದಿಕೊಂಡು ಕಂದು ಬಣ್ಣಕ್ಕೆ ತಿರುಗಿ ಒಣಗಿ ಅಂಟಿದ ಹೇನುಗಳಿದ್ದರೆ ಕೈ ಕಟ್ಟಿ ಕುಳಿತುಕೊಳ್ಳಿ. ಆ ಕಂದು ಹೇನುಗಳೊಳಗೆ ಸಣ್ಣ ಪರಾವಲಂಬಿ ಕಣಜದ ಮರಿ ಬೆಳೆಯುತ್ತಿರುತ್ತದೆ. ಇವೇನೂ ಇಲ್ಲವಾದರೆ ಮಾತ್ರ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 1ರಿಂದ 2 ಮಿಲಿ ಮೃದುವಾದ ದ್ರವ ಸಾಬೂನು ಬೆರೆಸಿ ಚೆನ್ನಾಗಿ ಕುಲುಕಿ, ಜೇನು ಗೂಡಿಗೆ ಮರಳಿದ ಮೇಲೆ ಸಂಜೆ ಹೊತ್ತು, ಎಲೆಯಡಿಗೆ ಸಿಂಪಡಿಸಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನು ಅಥವಾ ಹೊಂಗೆ ಸಾಬೂನು ಸಿಕ್ಕರೆ ಈ ಬೆರೆಸುವ ತಾಪತ್ರಯವೂ ಇಲ್ಲ. ಪೊಟ್ಟಣದ ಮೇಲಿನ ಪ್ರಮಾಣ ಮೀರಬೇಡಿ. ಮೊದಲು ನಾಲ್ಕು ಎಲೆಗಳ ಮೇಲೆ ಪರೀಕ್ಷಿಸಿ. ಒಮ್ಮೆ ಅವಸರಪಟ್ಟು ಮಧ್ಯಾಹ್ನದ ಬಿಸಿಲಿನಲ್ಲಿ ಎಣ್ಣೆ ಸಿಂಪಡಿಸಿ, ಒಂದು ಸಾಲು ಅಲಸಂದೆಯ ಎಲೆಯಂಚನ್ನೆಲ್ಲ ಸುಟ್ಟುಕೊಂಡವನು ನಾನು.

ಇಷ್ಟಾದರೂ ಹೇನು ನಿಲ್ಲದಿದ್ದರೆ ಗಿಡಕ್ಕೆ ಏನು ಉಣಿಸುತ್ತಿದ್ದೀರಿ ಎಂದು ನೋಡಿಕೊಳ್ಳಿ. ವಾರವಾರ ಯೂರಿಯಾ ನೀರನ್ನೋ ಹಿಂಡಿ ನೆನೆಸಿದ ನೀರನ್ನೋ ಸುರಿದರೆ ಸಾರಜನಕ ಹೆಚ್ಚಾಗಿ ಕುಡಿ ಮೆತ್ತಗೆ, ರಸಭರಿತವಾಗಿ ಬೆಳೆಯುತ್ತದೆ. ಹೇನಿಗೆ ಬೇಕಾದದ್ದೂ ಅದೇ. ಅವರೆ ತನ್ನ ಬೇರಿನ ಗಂಟುಗಳಲ್ಲೇ ಸಾರಜನಕ ಮಾಡಿಕೊಳ್ಳುವ ಗಿಡ, ಅದಕ್ಕೆ ಈ ಉಪಚಾರ ಬೇಕಿಲ್ಲ.

ಪ್ರಶ್ನೆ: ಎಲೆ ಹಳದಿ-ಹಸಿರು ಮಚ್ಚೆಯಾಗಿ ಮುದುಡಿದೆ. ಹೇನು ಕೊಂದರೆ ಸರಿಹೋಗುವುದೇ?

ಉತ್ತರ: ಇಲ್ಲ. ಅದು ನಂಜುರೋಗದ ಲಕ್ಷಣ, ಹೇನೇ ತಂದಿಟ್ಟಿರಬಹುದು; ಗಿಡ ಕಿತ್ತುಹಾಕಿ. ಇಂಥ ಹಲವು ನಂಜುಗಳು ಹೇನು ಒಮ್ಮೆ ಸೊಂಡಿಲು ಚುಚ್ಚಿದ ಕ್ಷಣದಲ್ಲೇ ದಾಟುತ್ತವೆ, ಆಮೇಲೆ ಸಿಂಪಡಿಸಿ ಫಲವಿಲ್ಲ.

ಪ್ರಶ್ನೆ: ಅಜ್ಜಿ ಬೆಳಿಗ್ಗೆ ಒಲೆಯ ಬೂದಿ ಎರಚುತ್ತಿದ್ದರು. ಅದು ಸರಿಯೇ?

ಉತ್ತರ: ಇಬ್ಬನಿ ಆರುವ ಮೊದಲು, ಜರಡಿ ಹಿಡಿದ ಸೌದೆ ಬೂದಿಯನ್ನು ತೆಳುವಾಗಿ ಎರಚಿದರೆ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ನಿಮ್ಮ ಅಜ್ಜಿ ಕುಡಿಯ ಮೇಲೆ ಎರಚುತ್ತಿದ್ದರು, ನೀವು ಚೀಲದ ಮಣ್ಣಿಗೆ ಬೊಗಸೆಗಟ್ಟಲೆ ಸುರಿಯಬೇಡಿ.

ಪ್ರಶ್ನೆ: ಬಟ್ಟೆ ಒಗೆಯುವ ಪುಡಿ, ಹೊಗೆಸೊಪ್ಪಿನ ಕಷಾಯ?

ಉತ್ತರ: ಮೊದಲನೆಯದು ಎಲೆ ಸುಡುತ್ತದೆ. ಎರಡನೆಯದರಲ್ಲಿರುವ ನಿಕೋಟಿನ್ ವಿಷ. ‘ನೈಸರ್ಗಿಕ’ ಎಂದಾಕ್ಷಣ ಅದು ಅಮೃತವಾಗುವುದಿಲ್ಲ.

ಪ್ರಶ್ನೆ: ಅಂಗಡಿಯವರು ಮೋನೊಕ್ರೊಟೊಫಾಸ್ ಕೊಟ್ಟಿದ್ದಾರೆ, ಎಷ್ಟು ಹಾಕಲಿ?

ಉತ್ತರ: ಒಂದು ಹನಿಯೂ ಬೇಡ. ತರಕಾರಿಗೆ ಅದರ ಬಳಕೆಯನ್ನು 2005ರಲ್ಲೇ ನಿಷೇಧಿಸಲಾಗಿದೆ. ವಿಷಕ್ಕೆ ನಾವು ‘ಔಷಧಿ’ ಎಂದು ಹೆಸರಿಟ್ಟದ್ದರಿಂದಲೇ ಚಮಚದ ಲೆಕ್ಕ ಕೇಳುವ ಧೈರ್ಯ ಬಂದಿರಬೇಕು.

ಪ್ರಶ್ನೆ: ಕಾಯಿ ಕೈಗೆ ಅಂಟುತ್ತದೆ. ಅದು ಸೊಗಡೇ, ಹೇನೇ?

ಉತ್ತರ: ಮೂಸಿ ನೋಡಿ. ಸೊಗಡಾದರೆ ಜಿಡ್ಡಿನ ಜೊತೆ ಘಮ ಬೆರಳಿನಲ್ಲಿ ಉಳಿಯುತ್ತದೆ. ಹೇನಿನ ಅಂಟಿಗೆ ಆ ವಾಸನೆಯಿಲ್ಲ, ಅದರ ಸುತ್ತ ಇರುವೆಯೋ ಕಪ್ಪು ಬೂಷ್ಟೋ ಇರುತ್ತದೆ. ತೊಳೆದು, ಸುಲಿದು, ಸಾರು ಮಾಡಲು ಅಡ್ಡಿಯಿಲ್ಲ.